ಆಮೆಯನ್ನು ದಾಟಲು ಎರಡು ಸಾವಿರ ವರ್ಷ: ಅನಂತ, ನಿರಂತರತೆ ಮತ್ತು ಚಲನೆಯ ಗಣಿತ

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳು ವರ್ಷದ ನಡುವೆ ಎಲ್ಲೋ 'ಲಿಮಿಟ್' ಎಂಬ ಪಾಠಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿಯವರೆಗೆ ಲೆಕ್ಕ ಅಂದರೆ ಒಂದು ಉತ್ತರ ಬರಬೇಕು, ಸರಿಯೋ ತಪ್ಪೋ ನೋಡಬೇಕು, ಅಷ್ಟೇ. ಇಲ್ಲಿ ಮಾತ್ರ ಒಂದು ಸಂಖ್ಯೆ ಇನ್ನೊಂದರ 'ಹತ್ತಿರ ಹತ್ತಿರ ಹೋಗುತ್ತದೆ' ಅನ್ನುತ್ತಾರೆ. ಹೋಗಿ ಕೊನೆಗೆ ಮುಟ್ಟಿತಾ, ಇಲ್ಲವಾ? ಈ ಪ್ರಶ್ನೆ ಬಹಳ ಮಕ್ಕಳ ಮನಸ್ಸಲ್ಲೇ ಉಳಿದುಬಿಡುತ್ತದೆ. ಸೂತ್ರ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ನಿಜ. ಆದರೆ ಯಾವ ತೊಡಕು ಬಿಡಿಸಲು ಈ ಪಾಠ ಹುಟ್ಟಿತು ಅಂತ ಗೊತ್ತಿಲ್ಲದಿದ್ದರೆ, ಮುಂದಿನ ವರ್ಷದ ಕ್ಯಾಲ್ಕುಲಸ್, ಅಂದರೆ ಬದಲಾವಣೆಯನ್ನು ಅಳೆಯುವ ಗಣಿತ, ಪೂರ್ತಿ ತಲೆಬುಡವಿಲ್ಲದ ಲೆಕ್ಕಗಳ ರಾಶಿಯಾಗಿ ಕಾಣುತ್ತದೆ.

ಆ ತೊಡಕು ತುಂಬ ಹಳೆಯದು. ಕೇಳಲು ಸುಲಭ. ಒಂದು ವಸ್ತು ಇಲ್ಲಿಂದ ಅಲ್ಲಿಗೆ ಹೋಯಿತು ಅನ್ನುತ್ತೇವಲ್ಲ, ಹಾಗಂದರೆ ನಿಜಕ್ಕೂ ಏನಾಯಿತು? ಇದಕ್ಕೆ ಗಟ್ಟಿಯಾದ ಉತ್ತರ ಸಿಗಲು ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆ ಉತ್ತರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮುಗಿಯದೇ ಹೋಗುವುದು, ಅಂದರೆ ಅನಂತ. ನಡುವೆ ಎಲ್ಲೂ ಕಡಿಯದಿರುವುದು, ಅಂದರೆ ನಿರಂತರತೆ. ಜೊತೆಗೆ, ಒಂದೇ ಒಂದು ಕ್ಷಣದ ವೇಗ.

ಜೀನೋ ಎತ್ತಿದ ತಕರಾರು

ಕ್ರಿಸ್ತಪೂರ್ವ 5ನೇ ಶತಮಾನ. ದಕ್ಷಿಣ ಇಟಲಿಯ ಕಡಲ ತೀರದಲ್ಲಿ ಎಲಿಯಾ ಎಂಬ ಗ್ರೀಕರ ಊರು. ಇರುವುದೆಲ್ಲ ಒಂದೇ, ಅದು ಬದಲಾಗುವುದೇ ಇಲ್ಲ, ಬದಲಾವಣೆ ಬರೀ ತೋರಿಕೆ ಎಂದು ಅಲ್ಲಿ ಪಾರ್ಮೆನಿಡೀಸ್ ಎಂಬ ತತ್ವಜ್ಞಾನಿ ಹೇಳುತ್ತಿದ್ದ. ಅವನ ಮಾತನ್ನು ಗೇಲಿ ಮಾಡುವವರಿದ್ದರು. ಶಿಷ್ಯ ಜೀನೋ ಗುರುವಿನ ಪರ ನಿಂತ. ಚಲನೆ ಇದೆ ಎಂದು ಒಪ್ಪಿದರೆ ಎಂಥ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತೀರಿ ನೋಡಿ ಎಂದು ಎದುರಾಳಿಗಳಿಗೇ ತೋರಿಸಿದ. ಅವನ ಸ್ವಂತ ಬರಹ ಬಹುಪಾಲು ಕಳೆದುಹೋಗಿದೆ. ಚಲನೆಯ ಬಗ್ಗೆ ಅವನು ಎತ್ತಿದ ನಾಲ್ಕು ತಕರಾರುಗಳು ಉಳಿದುಕೊಂಡಿರುವುದು, ಅವನ್ನು ಖಂಡಿಸಲು ಹೊರಟ ಅರಿಸ್ಟಾಟಲ್ ಬರೆದಿಟ್ಟದ್ದರಿಂದ.

ಅದರಲ್ಲಿ ಹೆಸರುವಾಸಿಯಾದದ್ದು ಅಕಿಲೀಸ್ ಮತ್ತು ಆಮೆಯ ಓಟ. ಅಕಿಲೀಸ್ ಗ್ರೀಕರ ಕಥೆಗಳಲ್ಲಿ ಓಟಕ್ಕೆ ಹೆಸರಾದ ವೀರ. ಅವನು ಸೆಕೆಂಡಿಗೆ 10 ಮೀಟರ್ ಓಡುತ್ತಾನೆ, ಆಮೆ ಸೆಕೆಂಡಿಗೆ 1 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಆಮೆಗೆ 100 ಮೀಟರ್ ಮುಂದೆ ಜಾಗ ಕೊಟ್ಟಿದೆ. ಓಟ ಶುರು. ಆಮೆ ಮೊದಲು ನಿಂತಿದ್ದ ಜಾಗಕ್ಕೆ ಅಕಿಲೀಸ್ 10 ಸೆಕೆಂಡಿನಲ್ಲಿ ಬರುತ್ತಾನೆ. ಅಷ್ಟರಲ್ಲಿ ಆಮೆ 10 ಮೀಟರ್ ಮುಂದೆ ಹೋಗಿದೆ. ಆ 10 ಮೀಟರನ್ನು 1 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಆಮೆ ಈಗ 1 ಮೀಟರ್ ಮುಂದಿದೆ. ಅದನ್ನೂ ಮುಗಿಸಿದರೆ 10 ಸೆಂಟಿಮೀಟರ್ ಮುಂದಿದೆ. ಹೀಗೆ ಆಮೆ ಇದ್ದ ಜಾಗಕ್ಕೆ ಇವನು ಬಂದಾಗೆಲ್ಲ ಅದು ಇನ್ನಷ್ಟು ಮುಂದೆ ಇರುತ್ತದೆ. ಹಿಡಿಯಬೇಕಾದ ಜಾಗಗಳ ಪಟ್ಟಿ ಮುಗಿಯುವುದೇ ಇಲ್ಲ. ಮುಗಿಯದ ಪಟ್ಟಿಯನ್ನು ಮುಗಿಸುವುದು ಹೇಗೆ?

ಇನ್ನೊಂದು ತಕರಾರು ಇದಕ್ಕಿಂತ ಚಿಕ್ಕದು, ನನ್ನ ಪ್ರಕಾರ ಇದಕ್ಕಿಂತ ಗಟ್ಟಿಯೂ ಹೌದು. ಒಂದು ಕಿಲೋಮೀಟರ್ ನಡೆಯಬೇಕಾದರೆ ಮೊದಲು ಅರ್ಧ ಕಿಲೋಮೀಟರ್ ನಡೆಯಬೇಕು. ಅದಕ್ಕೂ ಮೊದಲು ಕಾಲು, ಅದಕ್ಕೂ ಮೊದಲು ಅರೆಕಾಲು. ಹೀಗೆ ಹಿಂದಕ್ಕೆ ಹೋಗುತ್ತಲೇ ಇದ್ದರೆ 'ಮೊದಲ ಹೆಜ್ಜೆ' ಅಂತ ಒಂದು ಸಿಗುವುದೇ ಇಲ್ಲ. ಆಗ ನಡಿಗೆ ಶುರುವಾಗುವುದಾದರೂ ಹೇಗೆ?

ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿದರೆ ಆಯಿತಲ್ಲ ಅನ್ನಬಹುದು. ಆದರೆ ಜೀನೋ ಕೇಳಿದ್ದು ಅದಲ್ಲ. ನಡೆಯುವುದು ಕಣ್ಣಿಗೆ ಕಾಣುತ್ತದೆ ಅಂತ ಅವನಿಗೂ ಗೊತ್ತಿತ್ತು. ಕಂಡದ್ದನ್ನು ಎಡವದೆ ವಿವರಿಸಿ ಅನ್ನುವುದು ಅವನ ಸವಾಲು.

ಅರ್ಧ ಮಾಡುತ್ತಾ ಹೋಗುವುದನ್ನು ನಮ್ಮಲ್ಲೂ ಗಮನಿಸಿದವರಿದ್ದರು, ಬೇರೆ ಉದ್ದೇಶಕ್ಕೆ. ಸುಮಾರು 816ರಲ್ಲಿ ವೀರಸೇನಾಚಾರ್ಯರು ಬರೆದ ಜೈನ ಗ್ರಂಥ ಧವಲಾದಲ್ಲಿ 'ಅರ್ಧಚ್ಛೇದ' ಎಂಬ ಲೆಕ್ಕ ಬರುತ್ತದೆ. ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಎಷ್ಟು ಸಲ ಅರ್ಧ ಮಾಡಬಹುದು ಅನ್ನುವುದೇ ಅದರ ಅರ್ಧಚ್ಛೇದ. 32ಕ್ಕೆ 5. ಈ ಗ್ರಂಥದ ಹಳೆಯ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದು ಬಂದವು. ಎಣಿಸಬಹುದಾದದ್ದು, ಎಣಿಸಲಾಗದಷ್ಟು ದೊಡ್ಡದು, ಅನಂತ ಎಂದು ಸಂಖ್ಯೆಗಳನ್ನು ವಿಂಗಡಿಸಿ, ಅನಂತದಲ್ಲೂ ಬಗೆಗಳಿವೆ ಎಂದು ಜೈನ ಪಂಡಿತರು ಹೇಳುತ್ತಿದ್ದರು. ಇದೇ ಲೆಕ್ಕವನ್ನು ಜೀನೋನ ದಾರಿಗೆ ಹಚ್ಚಿ ನೋಡಿ. ಒಂದು ಕಿಲೋಮೀಟರನ್ನು ಬರೀ 20 ಸಲ ಅರ್ಧ ಮಾಡಿದರೆ ಒಂದು ಮಿಲಿಮೀಟರಿಗಿಂತ ಕಡಿಮೆ ಉಳಿಯುತ್ತದೆ. ಉಳಿದಿರುವ ಅಷ್ಟರಲ್ಲೇ ಇನ್ನೂ ಮುಗಿಯದಷ್ಟು ಅರ್ಧಗಳಿವೆ.

ಮುಗಿಯದ ಕೂಡಿಕೆಗೆ ಮುಗಿಯುವ ಮೊತ್ತ

ಅಕಿಲೀಸ್ ತೆಗೆದುಕೊಂಡ ಸಮಯವನ್ನು ಕೂಡಿ ನೋಡೋಣ. 10 + 1 + 0.1 + 0.01 + ... ಮೊತ್ತ 11.111... ಎಂದು ಬೆಳೆಯುತ್ತದೆ. ಎಷ್ಟು ಪದ ಕೂಡಿದರೂ ಅದು 11.12 ಮುಟ್ಟುವುದಿಲ್ಲ. ಶಾಲೆಯ ಬೀಜಗಣಿತದಲ್ಲಿ ಲೆಕ್ಕ ಹಾಕಿದರೆ ಅಕಿಲೀಸ್ ಆಮೆಯನ್ನು ಹಿಡಿಯುವುದು 100/9 ಸೆಕೆಂಡಿಗೆ. ಅದೂ 11.111...ನೇ. ಹೆಜ್ಜೆಗಳ ಪಟ್ಟಿಗೆ ಕೊನೆಯಿಲ್ಲ, ಅವುಗಳಿಗೆ ಬೇಕಾದ ಒಟ್ಟು ಸಮಯಕ್ಕೆ ಮಾತ್ರ ಮಿತಿಯಿದೆ. ಪಟ್ಟಿ ಮುಗಿಯುವುದಿಲ್ಲ ಎಂದಾಕ್ಷಣ ಸಮಯವೂ ಮುಗಿಯುವುದಿಲ್ಲ ಎಂದು ಭಾವಿಸಿದ್ದೇ ವಾದದೊಳಗೆ ಸದ್ದಿಲ್ಲದೆ ಸೇರಿಕೊಂಡ ತಪ್ಪು.

ಹಾಗಾದರೆ ಜೀನೋನದು ಹುರುಳಿಲ್ಲದ ವಾದವೇ? ಹಾಗೆ ತಳ್ಳಿಹಾಕುವಂತಿಲ್ಲ. ಪದಗಳು ಚಿಕ್ಕದಾಗುತ್ತಾ ಹೋದ ಮಾತ್ರಕ್ಕೆ ಮೊತ್ತ ಒಂದು ಕಡೆ ನಿಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ. 1 + 1/2 + 1/3 + 1/4 + ... ಎಂದು ಕೂಡಿ ನೋಡಿ. ಇಲ್ಲೂ ಪದಗಳು ಚಿಕ್ಕದಾಗುತ್ತಲೇ ಇವೆ. ಬೆಳೆಯುವ ವೇಗವೂ ತೀರಾ ನಿಧಾನ. ಮೊದಲ 10 ಲಕ್ಷ ಪದ ಕೂಡಿದರೂ ಮೊತ್ತ 15 ಮುಟ್ಟುವುದಿಲ್ಲ. ಆದರೂ ಇದು ಎಲ್ಲಿಯೂ ನಿಲ್ಲುವುದಿಲ್ಲ, ನೀವು ಹೇಳಿದ ಯಾವ ಸಂಖ್ಯೆಯನ್ನಾದರೂ ಒಂದು ದಿನ ದಾಟುತ್ತದೆ. 14ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಇದನ್ನು ಸಾಧಿಸಿದ. ಉಪಾಯ ಸರಳ. 1/3 ಮತ್ತು 1/4 ಎರಡೂ ಕಾಲಿಗಿಂತ ಕಡಿಮೆಯಿಲ್ಲ, ಹಾಗಾಗಿ ಸೇರಿ ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗಿನ ನಾಲ್ಕೂ ಅರೆಕಾಲಿಗಿಂತ ಕಡಿಮೆಯಿಲ್ಲ, ಸೇರಿ ಮತ್ತೆ ಅರ್ಧಕ್ಕಿಂತ ಜಾಸ್ತಿ. ಹೀಗೆ ಅರ್ಧ ಅರ್ಧ ಸೇರುತ್ತಲೇ ಇರುತ್ತದೆ. ಅಕಿಲೀಸನ ಹೆಜ್ಜೆಗಳು ಈ ಲೆಕ್ಕದಲ್ಲಿ ಸಮಯ ತೆಗೆದುಕೊಂಡಿದ್ದರೆ ಅವನು ನಿಜಕ್ಕೂ ಆಮೆಯನ್ನು ಹಿಡಿಯುತ್ತಲೇ ಇರಲಿಲ್ಲ.

ಆದ್ದರಿಂದ ಪ್ರತಿಯೊಂದು ಮೊತ್ತವನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಿದವರಲ್ಲಿ ಕೇರಳದ ನೀಲಕಂಠ ಸೋಮಯಾಜಿ ಒಬ್ಬರು. ಹುಟ್ಟಿದ್ದು 1444ರಲ್ಲಿ. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಅವರು 1/4 + 1/16 + 1/64 + ... ಎಂಬ ಮೊತ್ತವನ್ನು ತೆಗೆದುಕೊಂಡು, ಇದು ಇಷ್ಟರವರೆಗೇ ಬೆಳೆಯುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ ಅಂತ ಹೇಗೆ ಗೊತ್ತು ಎಂದು ಕೇಳುತ್ತಾರೆ. ಉತ್ತರ ಕೊಡಲು ಉಳಿಕೆಯನ್ನು ನೋಡುತ್ತಾರೆ. ಮೂರನೇ ಒಂದರಿಂದ ಕಾಲು ಕಳೆದರೆ 1/12 ಉಳಿಯುತ್ತದೆ, ಅಂದರೆ ಕಳೆದ ಕಾಲಿನ ಮೂರನೇ ಒಂದು. ಆ 1/12ರಿಂದ 1/16 ಕಳೆದರೆ ಉಳಿಯುವುದು 1/48, ಅಂದರೆ ಕಳೆದ 1/16ರ ಮೂರನೇ ಒಂದು. ಪ್ರತಿ ಸಲವೂ ಇದೇ. ಉಳಿಕೆ ಯಾವಾಗಲೂ ಇರುತ್ತದೆ, ಹಾಗಾಗಿ ಮೊತ್ತ ಮೂರನೇ ಒಂದನ್ನು ಮೀರುವುದಿಲ್ಲ. ಉಳಿಕೆ ಎಷ್ಟು ಬೇಕಾದರೂ ಚಿಕ್ಕದಾಗುತ್ತದೆ, ಹಾಗಾಗಿ ಮೂರನೇ ಒಂದಕ್ಕಿಂತ ಕೆಳಗೆ ಎಲ್ಲೂ ನಿಲ್ಲುವುದೂ ಇಲ್ಲ. ಪಿಯುಸಿ ಪುಸ್ತಕದ ಲಿಮಿಟ್ ಎಂಬುದರ ತಿರುಳು ಇಷ್ಟೇ.

0.999... ಎಂಬುದು 1ಕ್ಕೆ ಸಮವೇ ಎಂಬ ಜಗಳ ಆನ್‌ಲೈನಿನಲ್ಲಿ ಆಗಾಗ ಎದ್ದೇಳುತ್ತದೆ, ಅಲ್ವಾ? ಅದಕ್ಕೂ ಉತ್ತರ ಇಲ್ಲೇ ಇದೆ. 0.999... ಅಂದರೆ 9 ಬರೆಯುತ್ತಾ ಕೂತ ಕೆಲಸವಲ್ಲ. 0.9 + 0.09 + 0.009 + ... ಎಂಬ ಮೊತ್ತ ಯಾವ ಸಂಖ್ಯೆಯನ್ನು ಮೀರದೆ, ಅದಕ್ಕಿಂತ ಕೆಳಗೆಲ್ಲೂ ನಿಲ್ಲದೆ ಹೋಗುತ್ತದೋ ಆ ಸಂಖ್ಯೆಗೆ ಇಟ್ಟ ಗುರುತು. ಆ ಸಂಖ್ಯೆ 1. ಬರೆಯುವ ರೀತಿ ಎರಡು, ಸಂಖ್ಯೆ ಒಂದೇ.

ಒಂದು ಕ್ಷಣದಲ್ಲಿ ವೇಗ ಎಲ್ಲಿರುತ್ತದೆ?

ಜೀನೋನ ಮೂರನೇ ತಕರಾರು ಬಾಣದ್ದು. ಹಾರುವ ಬಾಣ ಪ್ರತಿ ಕ್ಷಣದಲ್ಲೂ ತನ್ನ ಉದ್ದದಷ್ಟೇ ಜಾಗದಲ್ಲಿ ಇರುತ್ತದೆ. ಅಷ್ಟೇ ಜಾಗದಲ್ಲಿರುವುದು ಅಂದರೆ ನಿಂತಿರುವುದು. ಪ್ರತಿ ಕ್ಷಣವೂ ನಿಂತಿದ್ದರೆ ಹಾರುವುದು ಯಾವಾಗ?

ಓಡುವ ಬಸ್ಸಿನದೊಂದು, ನಿಂತ ಬಸ್ಸಿನದೊಂದು ಫೋಟೊ ತೆಗೆದ ಹಾಗೆ ಇದು. ಕ್ಯಾಮೆರಾ ಸಾಕಷ್ಟು ಚುರುಕಾಗಿದ್ದರೆ ಎರಡು ಫೋಟೊಗಳಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಾಗಿದ್ದರೂ ಓಡುವ ಬಸ್ಸಿನ ಸ್ಪೀಡೋಮೀಟರ್ ಆ ಹೊತ್ತಿಗೆ 60 ಎಂದು ತೋರಿಸುತ್ತಿರುತ್ತದೆ. ವೇಗ ಅಂದರೆ ದೂರವನ್ನು ಸಮಯದಿಂದ ಭಾಗಿಸಿದ್ದು ಎಂದು ಏಳನೇ ತರಗತಿಯಲ್ಲೇ ಕಲಿಸಿರುತ್ತಾರೆ. ಒಂದೇ ಕ್ಷಣ ತೆಗೆದುಕೊಂಡರೆ ದೂರವೂ ಸೊನ್ನೆ, ಸಮಯವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ 60 ಬಂದದ್ದು ಎಲ್ಲಿಂದ?

ಒಂದು ಲೆಕ್ಕ ಕೈಯಾರೆ ಮಾಡಿ ನೋಡೋಣ. ಮೇಲಿನಿಂದ ಬಿಟ್ಟ ಕಲ್ಲು ಬೀಳುವ ದೂರ, ಮೀಟರಿನಲ್ಲಿ, ಸಮಯದ ವರ್ಗದ ಸುಮಾರು 4.9 ಪಟ್ಟು. ಲೆಕ್ಕ ಸುಲಭವಾಗಲಿ ಅಂತ 5 ಪಟ್ಟು ಅಂದುಕೊಳ್ಳೋಣ. 1 ಸೆಕೆಂಡಿಗೆ 5 ಮೀಟರ್ ಬಿದ್ದಿರುತ್ತದೆ. ಸರಿಯಾಗಿ ಆ 1ನೇ ಸೆಕೆಂಡಿನ ಹೊತ್ತಿಗೆ ಅದರ ವೇಗ ಎಷ್ಟು?

1.1 ಸೆಕೆಂಡಿಗೆ ಕಲ್ಲು 6.05 ಮೀಟರ್ ಕೆಳಗಿದೆ. 0.1 ಸೆಕೆಂಡಿನಲ್ಲಿ 1.05 ಮೀಟರ್ ಬಿತ್ತು, ಸರಾಸರಿ ವೇಗ 10.5. ಅಂತರ ಕಡಿಮೆ ಮಾಡಿ. 1.01 ಸೆಕೆಂಡಿಗೆ 5.1005 ಮೀಟರ್, ಸರಾಸರಿ 10.05. ಇನ್ನೂ ಕಡಿಮೆ ಮಾಡಿ. 1.001 ಸೆಕೆಂಡಿಗೆ 5.010005 ಮೀಟರ್, ಸರಾಸರಿ 10.005. ಸಂಖ್ಯೆ ಎತ್ತ ಸಾಗುತ್ತಿದೆ ಅಂತ ಯಾರಿಗಾದರೂ ಕಾಣುತ್ತದೆ. 10ರ ಕಡೆಗೆ. ಬೀಜಗಣಿತದಲ್ಲಿ ಬಿಡಿಸಿದರೆ ಸರಾಸರಿ ವೇಗ ಯಾವಾಗಲೂ 10 ಕೂಡಿಸು 'ಅಂತರದ 5 ಪಟ್ಟು' ಎಂದು ಬರುತ್ತದೆ. ಅಂತರವನ್ನು ಸೊನ್ನೆ ಮಾಡಿದರೆ 10.

17ನೇ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಟನ್ ಮತ್ತು ಜರ್ಮನಿಯ ಲೈಬ್ನಿಟ್ಸ್ ಇಂಥ ಲೆಕ್ಕಗಳನ್ನು ಯಾವ ಚಲನೆಗೆ ಬೇಕಾದರೂ ಹಚ್ಚಬಹುದಾದ ವಿಧಾನವಾಗಿ ಬೆಳೆಸಿದರು. ಅವರಿಗಿಂತ ಐದು ಶತಮಾನ ಮೊದಲೇ, 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳಿಗೆ 'ತಾತ್ಕಾಲಿಕ ಗತಿ' ಲೆಕ್ಕ ಹಾಕಿದ್ದರು. ಚಂದ್ರನ ವೇಗ ಹೊತ್ತುಹೊತ್ತಿಗೂ ಬದಲಾಗುತ್ತದೆ. ಇಂದಿಗೂ ನಾಳೆಗೂ ಇರುವ ವ್ಯತ್ಯಾಸ ತೆಗೆದುಕೊಂಡು ಸರಾಸರಿ ಹಿಡಿದರೆ ತಿಥಿ ಮುಗಿಯುವ ಹೊತ್ತು ತಪ್ಪುತ್ತದೆ. ಹಾಗಾಗಿ ಆ ಹೊತ್ತಿನ ಗತಿಯೇ ಬೇಕು ಎಂದು ಅವರು ಹೇಳಿದರು. ಪಂಚಾಂಗದ ಅಗತ್ಯ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ಅವರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬ ಚರ್ಚೆ ಇಂದಿಗೂ ಇದೆ.

ಮತ್ತೆ ಕಲ್ಲಿನ ಲೆಕ್ಕಕ್ಕೆ ಬನ್ನಿ. ಅದರಲ್ಲಿ ಒಂದು ಕೊಕ್ಕೆ ಉಳಿದಿದೆ. ಭಾಗಿಸುವಾಗ ಅಂತರ ಸೊನ್ನೆಯಲ್ಲ ಅಂದೆವು, ಸೊನ್ನೆಯಿಂದ ಭಾಗಿಸುವ ಹಾಗಿಲ್ಲವಲ್ಲ. ಭಾಗಿಸಿ ಮುಗಿದ ಮೇಲೆ ಅದೇ ಅಂತರವನ್ನು ಸೊನ್ನೆ ಅಂದೆವು. ಎರಡರಲ್ಲಿ ಯಾವುದು ನಿಜ? 1734ರಲ್ಲಿ ಬಿಷಪ್ ಬರ್ಕ್ಲಿ ಇದೇ ಪ್ರಶ್ನೆ ಹಿಡಿದು ನ್ಯೂಟನ್ನನ ಅನುಯಾಯಿಗಳನ್ನು ತರಾಟೆಗೆ ತೆಗೆದುಕೊಂಡ. ಈ ಅಂತರಗಳು ಸತ್ತುಹೋದ ಪರಿಮಾಣಗಳ ದೆವ್ವಗಳೇ ಎಂದು ಕೇಳಿದ. ಉತ್ತರಗಳು ಸರಿ ಬರುತ್ತಿದ್ದವು, ಗ್ರಹಗಳ ಚಲನೆಯೂ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಯಾಕೆ ಸರಿ ಬರುತ್ತದೆ ಅಂತ ಮಾತ್ರ ಯಾರ ಬಳಿಯೂ ಗಟ್ಟಿ ಮಾತಿರಲಿಲ್ಲ.

ಆ ಮಾತು ಬಂದದ್ದು 19ನೇ ಶತಮಾನದಲ್ಲಿ. 1821ರಲ್ಲಿ ಪ್ಯಾರಿಸಿನ ಕೋಶಿ ದಾರಿ ಹಾಕಿದ. ಆಮೇಲೆ ಬರ್ಲಿನ್ನಿನ ವೈಯರ್‌ಸ್ಟ್ರಾಸ್ ಅದನ್ನು ಬಿಗಿ ಮಾಡಿದ. ಅವರು ಅಂತರವನ್ನು ಸೊನ್ನೆ ಮಾಡುವುದನ್ನೇ ಬಿಟ್ಟುಬಿಟ್ಟರು. ಅದರ ಬದಲು ಒಂದು ಸವಾಲು ಇಟ್ಟರು. ಎಷ್ಟು ತಪ್ಪು ಇದ್ದರೆ ಪರವಾಗಿಲ್ಲ ಅಂತ ನೀವು ಹೇಳಿ, ತಪ್ಪು ಅದರೊಳಗೇ ಇರುವಂಥ ಅಂತರವನ್ನು ನಾನು ತೋರಿಸುತ್ತೇನೆ. ನಮ್ಮ ಕಲ್ಲಿನ ಲೆಕ್ಕದಲ್ಲಿ ನೀವು 0.001 ಅಂದರೆ ನಾನು ಅಂತರ 0.0002ಕ್ಕಿಂತ ಕಡಿಮೆ ಇರಲಿ ಅನ್ನುತ್ತೇನೆ. ನೀವು ಅದಕ್ಕಿಂತ ಚಿಕ್ಕದು ಕೇಳಿದರೆ ನನ್ನ ಬಳಿ ಅದಕ್ಕೂ ಉತ್ತರ ಇದೆ. ನಿಮ್ಮ ಪ್ರತಿಯೊಂದು ಸವಾಲಿಗೂ ಹೀಗೆ ಉತ್ತರ ಕೊಡಬಹುದಾದ ಸಂಖ್ಯೆ 10 ಒಂದೇ. 9.99 ಹಿಡಿದರೆ ಸೋಲುತ್ತೇನೆ, 10.01 ಹಿಡಿದರೂ ಸೋಲುತ್ತೇನೆ. ಆದ್ದರಿಂದ ಆ ಕ್ಷಣದ ವೇಗ 10. ಎಲ್ಲಿಯೂ ಸೊನ್ನೆಯಿಂದ ಭಾಗಿಸಲಿಲ್ಲ, ಅನಂತವಾಗಿ ಚಿಕ್ಕದು ಎಂಬ ವಸ್ತುವನ್ನೂ ಕರೆತರಲಿಲ್ಲ. ಮಕ್ಕಳು ಹೆದರುವ ಎಪ್ಸಿಲಾನ್–ಡೆಲ್ಟಾದಲ್ಲಿ ಎಪ್ಸಿಲಾನ್ ಅಂದರೆ ನೀವು ಒಡ್ಡಿದ ಸವಾಲು, ಡೆಲ್ಟಾ ಅಂದರೆ ನಾನು ಕೊಟ್ಟ ಉತ್ತರ.

ಈಗ ಬಾಣಕ್ಕೆ ಉತ್ತರ ಸಿಕ್ಕಿತು. ಒಂದು ಕ್ಷಣವನ್ನು ಬೇರೆ ಮಾಡಿ ತೆಗೆದರೆ ಅದರೊಳಗೆ ಚಲನೆಯೂ ಇಲ್ಲ, ನಿಲುಗಡೆಯೂ ಇಲ್ಲ. ಎರಡೂ ಆ ಕ್ಷಣದ ಅಕ್ಕಪಕ್ಕವನ್ನು ನೋಡಿ ಹೇಳುವ ಮಾತುಗಳು. ಮೇಲಕ್ಕೆ ಎಸೆದ ಚೆಂಡನ್ನು ನೋಡಿ. ತುತ್ತತುದಿಗೆ ಹೋದಾಗ ಅದರ ವೇಗ ಸೊನ್ನೆ. ಹಾಗಂತ ಅದು ಅಲ್ಲಿ ನಿಂತಿತೇ? ನಿಲ್ಲಲಿಲ್ಲ. ಅದಕ್ಕಿಂತ 0.01 ಸೆಕೆಂಡ್ ಮೊದಲು ಅದು ತುದಿಗಿಂತ ಅರ್ಧ ಮಿಲಿಮೀಟರ್ ಕೆಳಗಿತ್ತು, 0.01 ಸೆಕೆಂಡ್ ಆದ ಮೇಲೂ ಅಷ್ಟೇ ಕೆಳಗಿದೆ. ವೇಗ ಸೊನ್ನೆಯಾದ ಕ್ಷಣ ಇದೆ, ನಿಂತ ಹೊತ್ತು ಇಲ್ಲ. ಚಲಿಸುವುದು ಅಂದರೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಜಾಗದಲ್ಲಿರುವುದು, ಅದಕ್ಕಿಂತ ಹೆಚ್ಚೇನೂ ಅಲ್ಲ. ಮೊದಲ ಸಲ ಕೇಳಿದಾಗ ಈ ಉತ್ತರ ಸಪ್ಪೆ ಅನ್ನಿಸಬಹುದು. ನನಗೆ ಇದು ಗಣಿತದ ಅತಿ ಧೈರ್ಯದ ಉತ್ತರಗಳಲ್ಲಿ ಒಂದಾಗಿ ಕಾಣುತ್ತದೆ. 'ಮೊದಲ ಹೆಜ್ಜೆ ಯಾವುದು' ಎಂಬ ತಕರಾರೂ ಇದರಲ್ಲೇ ಕರಗುತ್ತದೆ. ಮೊದಲ ಹೆಜ್ಜೆ ಅಂತ ಒಂದು ಇರಲೇಬೇಕಾಗಿಲ್ಲ. ಪ್ರತಿ ಹೊತ್ತಿಗೂ ಒಂದು ಜಾಗ ಇದ್ದರೆ ಸಾಕು.

ಗೆರೆಯಲ್ಲಿ ತೂತುಗಳು

ಪ್ರತಿ ಹೊತ್ತಿಗೂ ಒಂದು ಜಾಗ ಅಂದೆವು. ಅಷ್ಟು ಜಾಗಗಳು ಗೆರೆಯ ಮೇಲೆ ಇವೆಯೇ?

ಭಿನ್ನರಾಶಿಗಳನ್ನು ಒಂದು ಗೆರೆಯ ಮೇಲೆ ಗುರುತು ಮಾಡುತ್ತಾ ಹೋಗಿ. ಯಾವ ಎರಡು ಭಿನ್ನರಾಶಿಗಳ ನಡುವೆಯೂ ಇನ್ನೊಂದು ಸಿಗುತ್ತದೆ, ಎರಡನ್ನೂ ಕೂಡಿ ಅರ್ಧ ಮಾಡಿದರೆ ಆಯಿತು. ಹಾಗಾದರೆ ಗೆರೆ ತುಂಬಿತು ಅನ್ನಿಸುತ್ತದೆ. ತುಂಬಿಲ್ಲ. ಒಂದು ಮೀಟರ್ ಬದಿಯ ಚೌಕದ ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಉದ್ದ √2 ಮೀಟರ್, ಸುಮಾರು 1.41421. ಇದು ಯಾವ ಭಿನ್ನರಾಶಿಗೂ ಸಮವಲ್ಲ ಎಂದು ಗ್ರೀಕರೇ ಸಾಧಿಸಿದ್ದರು. ಅಷ್ಟು ಒತ್ತೊತ್ತಾಗಿ ಕೂತ ಭಿನ್ನರಾಶಿಗಳ ನಡುವೆ ಸರಿಯಾಗಿ ಅಲ್ಲೊಂದು ತೂತು ಇದೆ. ಬರೀ ಭಿನ್ನರಾಶಿಗಳಿಂದ ಆದ ಗೆರೆಯ ಮೇಲೆ ಓಡುವವನು 1.41ರಿಂದ 1.42ಕ್ಕೆ ಹೋಗುವಾಗ ವರ್ಗ 2 ಆಗುವ ಬಿಂದುವನ್ನು ಮುಟ್ಟದೆಯೇ ದಾಟಿಬಿಡುತ್ತಾನೆ. ಇದನ್ನು ಕಡಿಯದ ಚಲನೆ ಎಂದು ಕರೆಯುವುದು ಹೇಗೆ?

1858ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾಲ್ಕುಲಸ್ ಕಲಿಸಬೇಕಾಗಿ ಬಂದ ರಿಚರ್ಡ್ ಡೆಡೆಕಿಂಡ್‌ನನ್ನು ಈ ಪ್ರಶ್ನೆ ಕಾಡಿತು. ಏರುತ್ತಲೇ ಇರುವ, ಆದರೆ ಒಂದು ಎಲ್ಲೆ ಮೀರದ ಪರಿಮಾಣ ಎಲ್ಲೋ ಒಂದು ಕಡೆ ನೆಲೆ ನಿಲ್ಲುತ್ತದೆ ಎಂದು ಅವನು ಪಾಠ ಮಾಡಬೇಕಿತ್ತು. ಅದಕ್ಕೆ ಚಿತ್ರ ತೋರಿಸುವುದು ಬಿಟ್ಟು ಬೇರೆ ಆಧಾರ ಅವನಲ್ಲಿರಲಿಲ್ಲ. ಆ ವರ್ಷದ ನವೆಂಬರ್ 24ರಂದು ಉತ್ತರ ಹೊಳೆಯಿತು, ಪ್ರಕಟವಾದದ್ದು 1872ರಲ್ಲಿ. ಅವನ ಯೋಚನೆ ಹೀಗಿದೆ. ಗೆರೆಯನ್ನು ಎಲ್ಲಿಯಾದರೂ ಕತ್ತರಿಸಿ, ಎಡಗಡೆಯವೆಲ್ಲ ಬಲಗಡೆಯವಕ್ಕಿಂತ ಚಿಕ್ಕವು ಆಗಿರಲಿ. ಗೆರೆಯಲ್ಲಿ ತೂತಿಲ್ಲದಿದ್ದರೆ ಕತ್ತರಿ ಪ್ರತಿ ಸಲವೂ ಒಂದು ಬಿಂದುವಿಗೇ ತಾಗಬೇಕು. ಭಿನ್ನರಾಶಿಗಳ ಗೆರೆಯಲ್ಲಿ ಹಾಗಾಗುವುದಿಲ್ಲ. ವರ್ಗ 2ಕ್ಕಿಂತ ಕಡಿಮೆ ಇರುವವು ಒಂದು ಕಡೆ, ಜಾಸ್ತಿ ಇರುವವು ಇನ್ನೊಂದು ಕಡೆ ಎಂದು ಕತ್ತರಿಸಿದರೆ ನಡುವೆ ಯಾವ ಭಿನ್ನರಾಶಿಯೂ ಸಿಗುವುದಿಲ್ಲ. ಹಾಗೆ ಖಾಲಿ ಉಳಿದ ಕಡೆಯಲ್ಲೆಲ್ಲ ಒಂದೊಂದು ಹೊಸ ಸಂಖ್ಯೆ ಇಟ್ಟರೆ ವಾಸ್ತವ ಸಂಖ್ಯೆಗಳ ಗೆರೆ ಸಿದ್ಧ. ಈಗ ಅದರಲ್ಲಿ ತೂತಿಲ್ಲ.

ಇದರ ಫಲ ದಿನನಿತ್ಯದ ಲೆಕ್ಕದಲ್ಲೇ ಕಾಣುತ್ತದೆ. ಹೆದ್ದಾರಿಯಲ್ಲಿ 60 ಕಿಲೋಮೀಟರ್ ದೂರದ ಎರಡು ಟೋಲ್‌ಗಳ ನಡುವೆ ಒಂದು ಕಾರು ಅರ್ಧ ಗಂಟೆಯಲ್ಲಿ ಹೋಯಿತು ಅನ್ನಿ. ಸರಾಸರಿ ವೇಗ ಗಂಟೆಗೆ 120. ಇಡೀ ದಾರಿ 120ಕ್ಕಿಂತ ಕಡಿಮೆ ಹೋಗಿದ್ದರೆ ಸರಾಸರಿ 120 ಬರುತ್ತಿರಲಿಲ್ಲ. ಇಡೀ ದಾರಿ ಅದಕ್ಕಿಂತ ಜಾಸ್ತಿ ಹೋಗಿದ್ದರೂ ಬರುತ್ತಿರಲಿಲ್ಲ. ವೇಗ ಒಮ್ಮೆಲೇ ನೆಗೆಯುವುದಿಲ್ಲ. ಹಾಗಾಗಿ ಒಂದು ಕ್ಷಣವಾದರೂ ಸರಿಯಾಗಿ 120 ಇದ್ದೇ ಇತ್ತು. ನಡುವೆ ಯಾವ ಕ್ಯಾಮೆರಾ ಇಲ್ಲದಿದ್ದರೂ ಇದನ್ನು ಹೇಳಬಹುದು. ಕೆಳಗಿನಿಂದ ಮೇಲಕ್ಕೆ ಕಡಿಯದೆ ಹೋದದ್ದು ನಡುವಿನ ಪ್ರತಿ ಬೆಲೆಯನ್ನೂ ಮುಟ್ಟಲೇಬೇಕು ಎಂಬ ಈ ಮಾತು ಎಲ್ಲರಿಗೂ ಗೊತ್ತಿರುವ ಹಾಗೆ ಕಾಣುತ್ತದೆ. ಅದಕ್ಕೂ ಸಾಧನೆ ಬೇಕು ಎಂದು 1817ರಲ್ಲಿ ಹಟ ಹಿಡಿದವನು ಪ್ರಾಗ್‌ನ ಬೋಲ್ಜಾನೊ.

ಕಡಿಯದ ದಾರಿಗೆಲ್ಲ ವೇಗ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಎಲ್ಲೂ ಕಡಿಯದ, ಆದರೆ ಯಾವ ಬಿಂದುವಿನಲ್ಲೂ ಇಷ್ಟೇ ಇಳಿಜಾರು ಎಂದು ಹೇಳಲಾಗದ ಗೆರೆಯನ್ನು 1872ರಲ್ಲಿ ವೈಯರ್‌ಸ್ಟ್ರಾಸ್ ಕಟ್ಟಿ ತೋರಿಸಿದ. ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಅಂಕುಡೊಂಕಾಗಿಯೇ ಇರುತ್ತದೆ. ಇದು ಬರೀ ಕುತೂಹಲದ ವಸ್ತುವಾಗಿ ಉಳಿಯಲಿಲ್ಲ. ನೀರಿನಲ್ಲಿ ತೇಲುವ ಸಣ್ಣ ಕಣಗಳ ಅಡ್ಡಾದಿಡ್ಡಿ ಓಡಾಟಕ್ಕೆ 1923ರಲ್ಲಿ ನಾರ್ಬರ್ಟ್ ವೀನರ್ ಕೊಟ್ಟ ಗಣಿತ ಮಾದರಿಯಲ್ಲಿ ದಾರಿ ಎಲ್ಲೂ ಕಡಿಯುವುದಿಲ್ಲ, ಯಾವ ಕ್ಷಣದಲ್ಲೂ ವೇಗ ಎಂಬುದಿಲ್ಲ. ಇಂದು ಷೇರು ಬೆಲೆಗಳ ಏರಿಳಿತದ ಲೆಕ್ಕಕ್ಕೂ ಇದೇ ಮಾದರಿಯನ್ನು ಬಳಸುತ್ತಾರೆ.

ಎಷ್ಟು ಬಿಂದುಗಳು?

ಓಟದ ಪ್ರತಿ ಕ್ಷಣದಲ್ಲೂ ಅಕಿಲೀಸ್ ಒಂದು ಬಿಂದುವಿನಲ್ಲಿದ್ದಾನೆ, ಆಮೆ ಒಂದು ಬಿಂದುವಿನಲ್ಲಿದೆ. ಹಾಗಾಗಿ ಇಬ್ಬರೂ ದಾಟಿದ ಬಿಂದುಗಳನ್ನು ಒಂದಕ್ಕೊಂದು ಜೋಡಿ ಮಾಡಬಹುದು. ಆದರೆ ಅವನ ದಾರಿ ಆಮೆಯ ದಾರಿಯ ಹತ್ತು ಪಟ್ಟು ಉದ್ದ. ಉದ್ದ ಬೇರೆ, ಬಿಂದುಗಳ ಎಣಿಕೆ ಬೇರೆ ಅನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ.

ಹೀಗೆ ಜೋಡಿ ಮಾಡಿ ಎಣಿಸುವ ವಿಧಾನವನ್ನು ಕೊನೆಯವರೆಗೂ ಹಿಡಿದು ಹೋದವನು ಜರ್ಮನಿಯ ಗೇಯಾರ್ಗ್ ಕ್ಯಾಂಟರ್. 1, 2, 3 ಎಂಬ ಎಣಿಕೆಯ ಸಂಖ್ಯೆಗಳೂ ಭಿನ್ನರಾಶಿಗಳೂ ಒಂದಕ್ಕೊಂದು ಜೋಡಿಯಾಗುತ್ತವೆ. ಗೆರೆಯ ಬಿಂದುಗಳು ಮಾತ್ರ ಎಣಿಕೆಯ ಸಂಖ್ಯೆಗಳೊಂದಿಗೆ ಯಾವ ರೀತಿಯಲ್ಲೂ ಜೋಡಿಯಾಗುವುದಿಲ್ಲ ಎಂದು 1874ರಲ್ಲಿ ಅವನು ಸಾಧಿಸಿದ. 1891ರಲ್ಲಿ ಇನ್ನೂ ಸುಲಭದ ದಾರಿ ಕೊಟ್ಟ. ಸೊನ್ನೆಗೂ ಒಂದಕ್ಕೂ ನಡುವಿನ ದಶಮಾಂಶಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ ಎಂದು ಯಾರಾದರೂ ಹೇಳಲಿ. ಮೊದಲನೆಯದರ ಮೊದಲ ಅಂಕೆ, ಎರಡನೆಯದರ ಎರಡನೇ ಅಂಕೆ, ಮೂರನೆಯದರ ಮೂರನೇ ಅಂಕೆ, ಹೀಗೆ ಒಂದೊಂದನ್ನೂ ಬದಲಿಸಿ ಹೊಸ ದಶಮಾಂಶ ಬರೆಯಿರಿ. ಬದಲಿಸುವಾಗ 0 ಮತ್ತು 9 ಹಾಕದಿದ್ದರೆ ಆಯಿತು, ಒಂದೇ ಸಂಖ್ಯೆಯನ್ನು ಎರಡು ರೀತಿ ಬರೆದ ಗೊಂದಲ ಬರುವುದಿಲ್ಲ. ಹೊಸದು ಪಟ್ಟಿಯ ಪ್ರತಿಯೊಂದಕ್ಕಿಂತಲೂ ಒಂದು ಅಂಕೆಯಲ್ಲಾದರೂ ಬೇರೆ. ಅಂದರೆ ಅದು ಪಟ್ಟಿಯಲ್ಲಿಲ್ಲ. ಗೆರೆಯ ಅನಂತ ಎಣಿಕೆಯ ಅನಂತಕ್ಕಿಂತ ದೊಡ್ಡದು.

ಒಂದು ಗೆರೆಯಲ್ಲಿರುವಷ್ಟೇ ಬಿಂದುಗಳು ಒಂದು ಚೌಕದಲ್ಲೂ ಇವೆ ಎಂದು ಕಂಡಾಗ ಕ್ಯಾಂಟರ್ ತಾನೇ ಬೆರಗಾದ. 1877ರಲ್ಲಿ ಡೆಡೆಕಿಂಡ್‌ಗೆ ಬರೆದ ಪತ್ರದಲ್ಲಿ, ನನಗೆ ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ ಎಂದ.

ಇದರಿಂದ ಜೀನೋನ ಇನ್ನೊಂದು ಹಳೆಯ ಪ್ರಶ್ನೆಗೂ ದಾರಿಯಾಯಿತು. ಒಂದೊಂದು ಬಿಂದುವಿಗೂ ಉದ್ದ ಸೊನ್ನೆ. ಸೊನ್ನೆಗಳನ್ನು ಎಷ್ಟು ಕೂಡಿದರೂ ಸೊನ್ನೆಯೇ, ಹಾಗಾದರೆ ಗೆರೆಗೆ ಉದ್ದ ಎಲ್ಲಿಂದ ಬಂತು? ಒಂದಾದ ಮೇಲೆ ಒಂದರಂತೆ ಪಟ್ಟಿ ಮಾಡಬಹುದಾದ ಸೊನ್ನೆಗಳನ್ನು ಕೂಡಿದರೆ ಸೊನ್ನೆ ಬರುವುದು ನಿಜ. ಗೆರೆಯ ಬಿಂದುಗಳು ಅಂಥ ಪಟ್ಟಿಗೆ ಸಿಗುವುದೇ ಇಲ್ಲ, ಹಾಗಾಗಿ ಆ ಕೂಡಿಕೆ ಅವಕ್ಕೆ ಅನ್ವಯಿಸುವುದಿಲ್ಲ.

ನಿಜವಾದ ಜಾಗವೂ ಹೀಗೇ ಇದೆಯೇ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಣಿತದ ಗೆರೆಯ ಮಾತು. ನಾವು ನಡೆದಾಡುವ ಜಾಗವೂ ಎಷ್ಟು ಸೀಳಿದರೂ ಸೀಳುತ್ತಲೇ ಹೋಗುತ್ತದಾ? ಅಥವಾ ಒಂದು ಹಂತದಲ್ಲಿ ಕಾಳುಕಾಳಾಗಿ ಸಿಗುತ್ತದಾ? ಗಣಿತ ತನ್ನಷ್ಟಕ್ಕೆ ಇದನ್ನು ತೀರ್ಮಾನಿಸಲಾರದು, ಅಳತೆಯೇ ಹೇಳಬೇಕು. ಇಂದಿನ ದೊಡ್ಡ ಕಣವೇಗವರ್ಧಕಗಳು ಮುಟ್ಟಿರುವ ಅಳತೆ ಮೀಟರಿನಲ್ಲಿ ಬರೆದರೆ ದಶಮಾಂಶ ಬಿಂದುವಿನ ನಂತರ ಸುಮಾರು 18 ಸೊನ್ನೆ. ಜಾಗದ ಸ್ವಭಾವವೇ ಬದಲಾಗಬಹುದು ಎಂದು ಭೌತವಿಜ್ಞಾನಿಗಳು ಊಹಿಸುವ ಪ್ಲಾಂಕ್ ಉದ್ದಕ್ಕೆ ಹೋಗಬೇಕಾದರೆ 34 ಸೊನ್ನೆ.

ಗಮನಿಸಿ ನೋಡುವುದೇ ಬದಲಾವಣೆಯನ್ನು ತಡೆಯುವ, ಜೀನೋನ ನಿಂತ ಬಾಣವನ್ನು ನೆನಪಿಸುವ ಒಂದು ವಿಚಿತ್ರ ಮಾತ್ರ ಪ್ರಯೋಗದಲ್ಲಿ ಸಿಕ್ಕಿದೆ. ಒಂದು ಪರಮಾಣು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುವಾಗ ಮತ್ತೆ ಮತ್ತೆ ಅಳೆದು ನೋಡುತ್ತಿದ್ದರೆ ಜಾರುವುದೇ ನಿಧಾನವಾಗುತ್ತದೆ. ಬೈದ್ಯನಾಥ್ ಮಿಶ್ರಾ ಮತ್ತು ಇ.ಸಿ.ಜಿ. ಸುದರ್ಶನ್ 1977ರಲ್ಲಿ ಇದನ್ನು ಲೆಕ್ಕದಲ್ಲಿ ತೋರಿಸಿ ಜೀನೋನ ಹೆಸರಿಟ್ಟರು. 1990ರಲ್ಲಿ ಅಮೆರಿಕದಲ್ಲಿ ಬೆರಿಲಿಯಂ ಅಯಾನುಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಕಂಡಿತು. ಕೇರಳದಲ್ಲಿ ಹುಟ್ಟಿದ ಸುದರ್ಶನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದವರು.

ಜಾಗ ಕಾಳುಕಾಳಾಗಿದೆ ಅನ್ನುವುದು ಸುಲಭದ ಪರಿಹಾರವಾಗಿ ಕಾಣುತ್ತದೆ. ಅರ್ಧ ಮಾಡುವುದು ಎಲ್ಲೋ ನಿಲ್ಲುತ್ತದೆ, ತಕರಾರೂ ಅಲ್ಲಿಗೆ ಮುಗಿಯುತ್ತದೆ. ಆದರೆ ಜರ್ಮನಿಯ ಗಣಿತಜ್ಞ ಹರ್ಮನ್ ವೈಲ್ ಅದರಲ್ಲಿ ಒಂದು ತೊಡಕು ತೋರಿಸಿದರು. ನೆಲಕ್ಕೆ ಸಣ್ಣ ಚೌಕದ ಟೈಲ್ಸ್ ಹಾಕಿದೆ ಅನ್ನಿ, ಬದಿಗೆ 1000ದಂತೆ. ಉದ್ದ ಅಂದರೆ ಟೈಲ್ಸ್ ಎಣಿಕೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಣಿಸಿದರೆ ಅಲ್ಲೂ ಇರುವುದು 1000ವೇ. ಕರ್ಣವೂ ಬದಿಯಷ್ಟೇ ಉದ್ದ ಅಂತಾಯಿತು. ನಿಜವಾದ ನೆಲದಲ್ಲಿ ಅದು 1.414 ಪಟ್ಟು ಉದ್ದ. ಟೈಲ್ಸನ್ನು ಕೋಟಿ ಪಟ್ಟು ಚಿಕ್ಕದು ಮಾಡಿದರೂ ಈ ತಪ್ಪು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಹಾಗಾಗಿ ಬಿಡಿಬಿಡಿ ಬಿಂದುಗಳಿಂದ ಜಾಗವನ್ನು ಕಟ್ಟಲು ಹೊರಟವರು ಸಾಲುಸಾಲಾಗಿ ಜೋಡಿಸುವುದನ್ನು ಬಿಡಬೇಕಾಯಿತು. ಕಾಸಲ್ ಸೆಟ್ ಎಂಬ ಸಿದ್ಧಾಂತದಲ್ಲಿ ಬಿಂದುಗಳನ್ನು ಯಾವ ಕ್ರಮವೂ ಇಲ್ಲದೆ ಚಿಮುಕಿಸುತ್ತಾರೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಸಂಬಂಧ ಒಂದನ್ನೇ ಇಟ್ಟುಕೊಳ್ಳುತ್ತಾರೆ. ಅದರಿಂದ ದೂರ, ಸಮಯ, ಕಡಿಯದ ಹಾಗೆ ಕಾಣುವ ಚಲನೆ ಎಲ್ಲವೂ ಹೊರಬರುತ್ತವೆಯೇ ಎಂದು ಹುಡುಕುವ ಕೆಲಸ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ನಡೆದಿದೆ.